ಸೈಕಾಲಜಿಗೆ ಸೇರುವ ಮುನ್ನ ಸಿಲಬಸ್ ತೆರೆದು ನೋಡಿ

ಪಿಯುಸಿ ಫಲಿತಾಂಶ ಬಂದ ವಾರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ‘ಮೇಡಂ, ಮಗಳಿಗೆ ಸೈಕಾಲಜಿನೇ ಬೇಕಂತೆ, ಕ್ರೈಸ್ಟ್‌ನಲ್ಲೇ ಬೇಕಂತೆ, ಸೀಟು ಸಿಗುತ್ತಾ?’ ಯಾವ ಕೋರ್ಸು, ಯಾವ ಕ್ಯಾಂಪಸ್ಸು ಎಂದರೆ ‘ಅದೇ, ಸೈಕಾಲಜಿ’ ಎನ್ನುತ್ತಾರೆ. ಎರಡು ತಪ್ಪು ಅಲ್ಲೇ ಆಗಿಹೋಗಿರುತ್ತದೆ. ಒಂದು, ಕೇಳುವುದು ತಡವಾಗಿದೆ. ಇನ್ನೊಂದು, ಸಂಸ್ಥೆಯ ಹೆಸರು ನೋಡಿದ್ದಾರೆ, ಕೋರ್ಸಿನ ಒಳಗೇನಿದೆ ಎಂದು ನೋಡಿಲ್ಲ.

ಹಿನ್ನೆಲೆ ಚುಟುಕಾಗಿ: ನಮ್ಮಲ್ಲಿ ಈ ವಿಷಯ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಮುಂದೆ ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದವರೂ ಅವರೇ. ಇಂದು ಪದವಿ ಮಟ್ಟದಲ್ಲಿ ಈ ವಿಷಯಕ್ಕೆ ಹೆಚ್ಚು ನೂಕುನುಗ್ಗಲು ಇರುವುದು ಕ್ರೈಸ್ತ ಸಂಸ್ಥೆಗಳಲ್ಲಿ. ಸಿಎಂಐ ಎಂಬ ಕ್ಯಾಥೊಲಿಕ್ ಸಭೆಯ ಪಾದ್ರಿಗಳು 1969ರಲ್ಲಿ ಆರಂಭಿಸಿದ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್, ಮಂಗಳೂರಿನ ಸೇಂಟ್ ಅಲೋಶಿಯಸ್ ಕೂಡ ಈಚೆಗೆ ವಿಶ್ವವಿದ್ಯಾಲಯಗಳಾಗಿವೆ.

‘ಕ್ರೈಸ್ತರ ಸಂಸ್ಥೆ, ಬೈಬಲ್ ಓದಿಸುತ್ತಾರಾ?’ ಎಂದು ಪೋಷಕರು ದನಿ ತಗ್ಗಿಸಿ ಕೇಳುತ್ತಾರೆ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28ನೇ ವಿಧಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಮಾರಂಭದ ಆರಂಭದಲ್ಲಿ ಪ್ರಾರ್ಥನೆ, ಮೌಲ್ಯ ಶಿಕ್ಷಣದ ತರಗತಿ ಇರುತ್ತವೆ. ಅವುಗಳಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕಂಡಿಲ್ಲ. ನಿಜವಾಗಿ ಕೇಳಿಕೊಳ್ಳಬೇಕಾದ್ದು ಮೀಸಲಾತಿಯ ಬಗ್ಗೆ. ಖಾಸಗಿ ಸಂಸ್ಥೆಗಳಲ್ಲಿ ಹಿಂದುಳಿದವರಿಗೆ, ಪರಿಶಿಷ್ಟರಿಗೆ ಸೀಟು ಮೀಸಲಿಡಲು ದಾರಿ ಮಾಡಿದ 15(5)ನೇ ವಿಧಿಯಿಂದ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ವಿನಾಯಿತಿ ಇದೆ. ಸರ್ಕಾರಿ ಕಾಲೇಜಿನಂತೆ ಜಾತಿ ಪ್ರಮಾಣಪತ್ರದ ಮೇಲೆ ಸೀಟು ಸಿಕ್ಕೇ ಸಿಗುತ್ತದೆ ಎಂದುಕೊಂಡು ಕಾಯಬೇಡಿ. ಶುಲ್ಕ ರಿಯಾಯಿತಿ, ಸ್ಕಾಲರ್‌ಶಿಪ್ ಏನಿದೆ ಎಂಬುದನ್ನು ಅರ್ಜಿ ಹಾಕುವಾಗಲೇ ಕಚೇರಿಯಲ್ಲಿ ಕೇಳಿ.

ಅರ್ಜಿಯ ಕಾಲ

ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲೇ ಇಂಥ ಕಡೆ ಅರ್ಜಿ ತೆರೆದಿರುತ್ತದೆ, ಮೊದಲ ಸುತ್ತಿನ ಆಯ್ಕೆಯೂ ಮುಗಿದಿರುತ್ತದೆ. ಆಗ ಅವರು ನೋಡುವುದು ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕ. ‘ಫಸ್ಟ್ ಪಿಯು ತಾನೆ, ಪಾಸಾದರೆ ಸಾಕು’ ಎಂದು ವರ್ಷ ಕಳೆದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಪಿಯುಸಿಯಲ್ಲಿ ಮನಃಶಾಸ್ತ್ರ ಓದಿರಲೇಬೇಕೆಂದಿಲ್ಲ. ಕಲಾ, ವಾಣಿಜ್ಯ, ವಿಜ್ಞಾನ ಮೂರೂ ಕಡೆಯವರು ಬರುತ್ತಾರೆ. ನೀಟ್ ರ‍್ಯಾಂಕ್ ಕೈಕೊಟ್ಟ ಮೇಲೆ ಬರುವವರೂ ಕಡಿಮೆಯಿಲ್ಲ.

ಯಾವ ಸೈಕಾಲಜಿ?

ಈ ಲೇಖನದಲ್ಲಿ ಇದೊಂದು ಭಾಗ ಓದಿದರೂ ಸಾಕು. ಮನಃಶಾಸ್ತ್ರ ಒಂದೇ ವೇಷದಲ್ಲಿ ಸಿಗುವುದಿಲ್ಲ. ಮನಃಶಾಸ್ತ್ರವೇ ಮುಖ್ಯವಾಗಿರುವ ಆನರ್ಸ್ ಪದವಿ ಒಂದು. ಇಂಗ್ಲಿಷ್, ಅರ್ಥಶಾಸ್ತ್ರ, ಸಂವಹನ ಇವುಗಳ ಜೊತೆ ಮನಃಶಾಸ್ತ್ರ ಪಾಲು ಹಂಚಿಕೊಳ್ಳುವ ಕಾಂಬಿನೇಶನ್ ಇನ್ನೊಂದು. ಬೇರೆ ಪದವಿಯೊಳಗೆ ಮೈನರ್ ಆಗಿ ನಾಲ್ಕಾರು ಪೇಪರ್ ಬರುವುದು ಮತ್ತೊಂದು. ಕ್ರೈಸ್ಟ್‌ನಂಥ ಕಡೆ ಹೊಸೂರು ರಸ್ತೆ, ಬನ್ನೇರುಘಟ್ಟ ರಸ್ತೆ, ಕೆಂಗೇರಿ, ಯಶವಂತಪುರ ಎಂದು ಕ್ಯಾಂಪಸ್‌ಗಳು ಬೇರೆ, ಎಲ್ಲ ಕೋರ್ಸೂ ಎಲ್ಲ ಕಡೆ ಇರುವುದಿಲ್ಲ. ಹುಡುಗರು ಹೇಳುವುದು ಮಾತ್ರ ಒಂದೇ: ‘ನಾನು ಸೈಕಾಲಜಿ ಮಾಡ್ತಾ ಇದೀನಿ.’

ವ್ಯತ್ಯಾಸ ಗೊತ್ತಾಗುವುದು ಮೂರನೇ ವರ್ಷ ಮುಗಿದು ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ. ಯಾವ ಪದವಿಯಾದರೂ ಆದೀತು, ಪ್ರವೇಶ ಪರೀಕ್ಷೆ ಬರೆಯಿರಿ ಎನ್ನುವ ವಿಶ್ವವಿದ್ಯಾಲಯಗಳಿವೆ. ಮನಃಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ ಅದರಲ್ಲೇ ಇಂತಿಷ್ಟು ಅಂಕ ಪಡೆದಿರಬೇಕು ಎನ್ನುವವೂ ಇವೆ. ಬ್ರಿಟನ್ನಿನಲ್ಲಿ ಸೈಕಾಲಜಿಸ್ಟ್ ಆಗುವ ಆಸೆಯಿದ್ದರೆ ಅಲ್ಲಿನ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಹೊರದೇಶದ ಪದವಿಯನ್ನು ಪೇಪರ್ ಪೇಪರ್ ಬಿಡಿಸಿ ನೋಡುತ್ತದೆ. ಮನಃಶಾಸ್ತ್ರದ ಪಾಲು ಸಾಲದಿದ್ದರೆ ಇನ್ನೊಂದು ಕನ್ವರ್ಶನ್ ಕೋರ್ಸು, ಇನ್ನೊಂದು ಸಾಲ.

ಹಾಗಾಗಿ ಹೀಗೆ ಮಾಡಿ. ವೆಬ್‌ಸೈಟಿನ ನಗುಮುಖದ ಚಿತ್ರಗಳನ್ನು ದಾಟಿ ಸಿಲಬಸ್‌ನ ಪಿಡಿಎಫ್ ಇಳಿಸಿಕೊಳ್ಳಿ. ಒಂದು ಹಾಳೆಯಲ್ಲಿ ಸೆಮಿಸ್ಟರ್‌ಗೊಂದರಂತೆ ಗೆರೆ ಎಳೆದು, ಪ್ರತಿ ಸೆಮಿಸ್ಟರ್‌ನಲ್ಲಿ ಮನಃಶಾಸ್ತ್ರದ ಪೇಪರ್ ಎಷ್ಟು, ಅವುಗಳ ಕ್ರೆಡಿಟ್ ಎಷ್ಟು ಎಂದು ಬರೆಯಿರಿ. ಒಟ್ಟು ಕ್ರೆಡಿಟ್‌ನಲ್ಲಿ ಮನಃಶಾಸ್ತ್ರದ್ದು ಅರ್ಧ ದಾಟುತ್ತದೆಯೇ, ಮೂರನೇ ಒಂದರ ಹತ್ತಿರ ನಿಲ್ಲುತ್ತದೆಯೇ ನೋಡಿ. ಆಮೇಲೆ ಇವುಗಳನ್ನು ಹುಡುಕಿ: ಜೈವಿಕ ಮನಃಶಾಸ್ತ್ರ, ಬೆಳವಣಿಗೆಯ ಮನಃಶಾಸ್ತ್ರ, ಸಾಮಾಜಿಕ ಮನಃಶಾಸ್ತ್ರ, ಅಬ್‌ನಾರ್ಮಲ್ ಸೈಕಾಲಜಿ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ, ಪ್ರಯೋಗಾಲಯ. ಕೊನೆಯ ಮೂರರಲ್ಲಿ ಒಂದಿಲ್ಲದಿದ್ದರೂ ಕಾರಣ ಕೇಳಿ. ಕೇಳಬೇಕಾದ್ದು ಅಡ್ಮಿಷನ್ ಕೌಂಟರಿನಲ್ಲಲ್ಲ, ವಿಭಾಗದ ಅಧ್ಯಾಪಕರನ್ನು ಅಥವಾ ಮೂರನೇ ವರ್ಷದಲ್ಲಿರುವ ವಿದ್ಯಾರ್ಥಿಯನ್ನು.

ಕಾಂಬಿನೇಶನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪತ್ರಿಕೋದ್ಯಮ, ಜಾಹೀರಾತು, ಎಚ್.ಆರ್., ಐಎಎಸ್ ತಯಾರಿ ಎಂದು ಹೊರಟವರಿಗೆ ಅದೇ ಮೇಲು. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು ಹಟ ಹಿಡಿದವಳು ಅದಕ್ಕೆ ಸೇರಿದರೆ ಮಾತ್ರ ಕಷ್ಟ. ಇನ್ನು ಫೊರೆನ್ಸಿಕ್, ಕ್ರಿಮಿನಲ್, ಚೈಲ್ಡ್ ಎಂದು ಮುಂದೆ ಬಾಲ ಸಿಕ್ಕಿಸಿಕೊಂಡ ಪದವಿಗಳು. ಪದವಿ ಮಟ್ಟದಲ್ಲಿ ಹೆಸರಿನ ವ್ಯಾಪ್ತಿ ಕಿರಿದಾದಷ್ಟೂ ಬುನಾದಿ ಕಿರಿದಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಲ ಎಂ.ಎಸ್ಸಿ.ಯಲ್ಲಿ ಸಿಕ್ಕಿಸಿಕೊಂಡರಾಯಿತು.

ಅವಧಿಯನ್ನೂ ಖಚಿತ ಮಾಡಿಕೊಳ್ಳಿ. ರಾಜ್ಯ ಸರ್ಕಾರ 2024ರಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಆ ಆದೇಶ ತಾಗುವುದಿಲ್ಲ, ಅಲ್ಲಿ ನಾಲ್ಕನೇ ವರ್ಷದ ಆನರ್ಸ್ ಇದೆ. ‘ಇಷ್ಟು ದುಡ್ಡು ಎಲ್ಲಿಂದ ತರೋದು, ದೂರಶಿಕ್ಷಣದಲ್ಲಿ ಮಾಡಲಿ’ ಎನ್ನುವ ದಾರಿಯೂ ಈಗಿಲ್ಲ: 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಮನಃಶಾಸ್ತ್ರ ಕೋರ್ಸಿಗೆ ಪ್ರವೇಶ ಕೊಡಬಾರದೆಂದು ಯುಜಿಸಿ ಹೇಳಿದೆ.

ಸಂದರ್ಶನ

‘ಏಕೆ ಮನಃಶಾಸ್ತ್ರ?’ ಎಂದು ಕೇಳಿಯೇ ಕೇಳುತ್ತಾರೆ. ‘ಫ್ರೆಂಡ್ಸ್ ಎಲ್ಲ ತಮ್ಮ ಪ್ರಾಬ್ಲಮ್ ನನ್ನ ಹತ್ರನೇ ಹೇಳ್ಕೊಳ್ತಾರೆ’ ಎಂಬ ಉತ್ತರ ದಯವಿಟ್ಟು ಬೇಡ. ಅಂದು ನಿಮಗಿಂತ ಮುಂಚೆ ಕೂತವರಲ್ಲಿ ಅರ್ಧ ಜನ ಅದನ್ನೇ ಹೇಳಿ ಎದ್ದಿರುತ್ತಾರೆ. ನೀವು ಕಣ್ಣಾರೆ ಕಂಡ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಅಜ್ಜಿಗೆ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಐವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ, ಏಕೆ? ಇಷ್ಟು ಸಾಕು, ಮಾತು ತಾನಾಗಿ ಬೆಳೆಯುತ್ತದೆ. ಇಂಗ್ಲಿಷ್ ಸರಾಗವಾಗಿ ಬಾರದಿದ್ದರೆ ನಿಧಾನವಾಗಿ ಆಡಿ. ಬಾಯಿಪಾಠದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.

ಮೊದಲ ವರ್ಷ

ಕ್ರೈಸ್ಟ್‌ನಲ್ಲಿ ಶೇ 85ರಷ್ಟು ಹಾಜರಾತಿ ಬೇಕು, ಅಲ್ಲಿ ತಮಾಷೆಯಿಲ್ಲ. ಪರೀಕ್ಷೆಯ ಹಿಂದಿನ ತಿಂಗಳು ಓದಿ ಪಾಸಾಗುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಅಸೈನ್‌ಮೆಂಟು, ಸಿಐಎ (ನಿರಂತರ ಆಂತರಿಕ ಮೌಲ್ಯಮಾಪನ) ಎಂದು ಸೆಮಿಸ್ಟರ್ ಪೂರ್ತಿ ಅಂಕ ಸೇರುತ್ತಾ ಹೋಗುತ್ತದೆ. ಗಣಿತ ತಪ್ಪಿಸಿಕೊಳ್ಳಲೆಂದು ಬಂದವರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್, ಕೋರಿಲೇಶನ್ ಎದುರಾಗುತ್ತವೆ. ಪಿಯುಸಿ ಮುಗಿದ ರಜೆಯಲ್ಲಿ ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಅಧ್ಯಾಯವನ್ನು ಮತ್ತೊಮ್ಮೆ ಮಾಡಿ ನೋಡಿ.

ಪ್ರಯೋಗಾಲಯ ಹೇಗಿರುತ್ತದೆ ಎಂಬುದಕ್ಕೆ ಕನ್ನಡಿ ಪ್ರಯೋಗ ಸಾಕು. ಮೇಜಿನ ಮೇಲೆ ಜೋಡಿಗೆರೆಯ ನಕ್ಷತ್ರ, ಎದುರಿಗೆ ಕನ್ನಡಿ, ನಡುವೆ ಅಡ್ಡಹಲಗೆ. ಕೈ ಕಾಣುವುದಿಲ್ಲ, ಕನ್ನಡಿಯೊಳಗಿನ ನಕ್ಷತ್ರ ನೋಡುತ್ತಲೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮೊದಲ ಮೂಲೆಗೆ ಬಂದೊಡನೆ ಕೈ ಅತ್ತ ಎಂದರೆ ಇತ್ತ ಹೋಗುತ್ತದೆ, ಪೆನ್ಸಿಲ್ ಅಲ್ಲೇ ಗಿರಗಿಟ್ಟೆ ತಿರುಗುತ್ತದೆ. ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಹಲವು ಸಲ, ಮತ್ತೆ ಎಡಗೈಯಲ್ಲಿ. ಎಡಗೈಗೆ ಅಭ್ಯಾಸವನ್ನೇ ಕೊಡದಿದ್ದರೂ ಎರಡನೇ ಸಲ ಸಮಯವೂ ತಪ್ಪೂ ಸಾಮಾನ್ಯವಾಗಿ ತಗ್ಗುತ್ತವೆ, ಒಂದು ಕೈ ಕಲಿತದ್ದು ಇನ್ನೊಂದಕ್ಕೆ ದಾಟಿರುತ್ತದೆ. ತಗ್ಗದಿದ್ದರೆ ತಗ್ಗಲಿಲ್ಲ ಎಂದೇ ರೆಕಾರ್ಡಿನಲ್ಲಿ ಬರೆಯಿರಿ. ಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿ ತಿದ್ದುವ ಚಾಳಿ ಇಲ್ಲೇ ಅಂಟಿಕೊಳ್ಳುವುದು. ಹಾಗೆಯೇ, ಪ್ರಯೋಗಕ್ಕೆ ಕೂತ ಸಹಪಾಠಿಯ ಫಲಿತಾಂಶ ಕ್ಯಾಂಟೀನಿನ ಮಾತಾಗಬಾರದು. ಮೊದಲ ಸೆಮಿಸ್ಟರ್‌ಗೇ ಅಮ್ಮನಿಗೆ ಓಸಿಡಿ, ರೂಮ್‌ಮೇಟ್‌ಗೆ ಬೈಪೋಲಾರ್ ಎಂದು ಹಣೆಪಟ್ಟಿ ಹಚ್ಚುವುದೂ ಬೇಡ.

ಕನ್ನಡ ಬರುತ್ತದೆ ಎಂದು ಕುಗ್ಗಬೇಕಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ರೂಪುಗೊಂಡ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಇಂಟರ್ನ್‌ಶಿಪ್‌ಗೆ ಆಸ್ಪತ್ರೆಗೋ ಶಾಲೆಗೋ ಹೋದಾಗ ಎದುರಿಗೆ ಕೂತ ತಾಯಿಯ ಮಾತು ಅರ್ಥವಾಗುವುದು ನಿಮಗೆ, ದೆಹಲಿಯಿಂದ ಬಂದ ಸಹಪಾಠಿಗಲ್ಲ.

ಪದವಿಯ ನಂತರ

ಜಾಗ ಕಡಿಮೆ, ಹಾಗಾಗಿ ಮುಖ್ಯವಾದದ್ದಷ್ಟೇ. ಪದವಿ ಮುಗಿದ ಮಾತ್ರಕ್ಕೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ಒಪ್ಪಿದ ತರಬೇತಿ ಮತ್ತು ನೋಂದಣಿ ಬೇಕು. ಎಂ.ಫಿಲ್ ಇದ್ದ ಆ ದಾರಿ ಈಗ ಬದಲಾಗುತ್ತಿದೆ, ನಿಮ್ಮ ಸರದಿ ಬಂದಾಗ ಆರ್‌ಸಿಐ ವೆಬ್‌ಸೈಟ್ ನೋಡಿ. ಔಷಧಿ ಬರೆಯುವ ಮನೋವೈದ್ಯರ ದಾರಿಯೇ ಬೇರೆ, ಅದು ಎಂಬಿಬಿಎಸ್‌ನಿಂದ ಶುರು. ಸೀಟು ಸಿಕ್ಕ ಸಂಭ್ರಮದಲ್ಲಿ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಬಿಟ್ಟು ಬರಬೇಡಿ. ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕೆಂಬುದು ಯುಜಿಸಿ ನಿಯಮ. ಸೀಟು ಬಿಡುವುದಾದರೆ ಆ ವರ್ಷದ ಶುಲ್ಕ ವಾಪಸಾತಿ ಸುತ್ತೋಲೆಯಲ್ಲಿರುವ ಕೊನೆಯ ದಿನಾಂಕದೊಳಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.