ಯಂತ್ರದ ದೋಣಿಯೂ ಅದರ ಹೊಗೆಕೊಳವೆಯೂ

ಮೋಟಾರು ಬಸ್ಸಿನ ಹೊಗೆಯು ಕಬ್ಬಿಣದ ಕೊಳವೆಯ ಮೂಲಕ ಹೊರಬೀಳುವುದನ್ನು ವಿದ್ಯಾರ್ಥಿಗಳಾದ ನೀವೆಲ್ಲರೂ ನೋಡಿದ್ದೀರಿ. ಆ ಕೊಳವೆಯನ್ನು ಮುಟ್ಟಿದವನ ಕೈ ಸುಡುವುದೆಂಬುದೂ ನಿಮಗೆ ತಿಳಿದ ವಿಷಯವೇ. ಆದರೆ ಹೊಟ್ಟೆಯೊಳಗೆ ಯಂತ್ರವನ್ನು ಕೂಡಿಸಿರುವ ದೋಣಿಗಳಲ್ಲಿ ಅನೇಕವು ಅದೇ ಬಗೆಯ ಬಿಸಿ ಹೊಗೆಯನ್ನು ರಬ್ಬರಿನ ಕೊಳವೆಯ ಮೂಲಕ ಹೊರಗೆ ಕಳುಹಿಸುತ್ತವೆ ಎಂದರೆ ನಂಬುವಿರಾ? ಕಳೆದ ಡಿಸೆಂಬರ್ ರಜೆಯವರೆಗೆ ನಾನೂ ಇದನ್ನು ಯೋಚಿಸಿದವನಲ್ಲ. ವಿಜ್ಞಾನವನ್ನು ಬೋಧಿಸುವವನಾಗಿ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ.

ಕೇರಳದ ಕೊಚ್ಚಿ ನಗರದ ಪೂರ್ವಕ್ಕೆ ಕಾಕ್ಕನಾಡ್ ಎಂಬ ಊರಿದೆ. ಎರ್ನಾಕುಳಂ ಜಿಲ್ಲೆಯ ಕಲೆಕ್ಟರರ ಕಚೇರಿ ಇರುವುದು ಅಲ್ಲಿಯೇ. ಗಣಕಯಂತ್ರದ ಕಂಪೆನಿಗಳು ನೆರೆದಿರುವುದರಿಂದ ಕನ್ನಡದ ಕುಟುಂಬಗಳೂ ಅಲ್ಲಿ ಕೆಲವು ನೆಲಸಿವೆ. ಅವುಗಳಲ್ಲಿ ನನ್ನ ತಮ್ಮನದೂ ಒಂದು. ಊರಿನ ಅಂಚಿನಲ್ಲಿ ಚಿತ್ರಪ್ಪುಳ ಎಂಬ ಹೊಳೆ ಹರಿಯುತ್ತದೆ. ವೈಟ್ಟಿಲದಿಂದ ಕಾಕ್ಕನಾಡಿಗೆ ವಿದ್ಯುತ್ತಿನಿಂದ ನಡೆಯುವ ಜಲಮೆಟ್ರೋ ದೋಣಿಗಳು 2023ರ ಏಪ್ರಿಲ್ ತಿಂಗಳಿನಿಂದ ಓಡಾಡುತ್ತಿವೆ. ನಾವು ಹತ್ತಿದ್ದು ಅಂಥ ಹೊಸ ದೋಣಿಯನ್ನಲ್ಲ. ತಮ್ಮನ ಪರಿಚಯದವರೊಬ್ಬರ ಹಳೆಯ ಡೀಸೆಲ್ ದೋಣಿಯನ್ನು. ದೋಣಿ ನಡೆಸುವವರನ್ನು ಅಲ್ಲಿ ‘ಸ್ರಾಂಕು’ ಎನ್ನುತ್ತಾರೆ. ನಮ್ಮ ಕರಾವಳಿಯ ತಂಡೇಲನಿದ್ದಂತೆ. ನಮ್ಮ ಸ್ರಾಂಕು ಅರುವತ್ತು ದಾಟಿದವರು. ಯೌವನದಲ್ಲಿ ಮಂಗಳೂರಿನ ಧಕ್ಕೆಯಲ್ಲಿ ಕೆಲವು ವರ್ಷ ಮೀನಿನ ಬೋಟಿನಲ್ಲಿ ದುಡಿದವರಾದ್ದರಿಂದ ಕನ್ನಡವನ್ನು ತಡೆತಡೆದು ಆಡಬಲ್ಲರು. ಮಕ್ಕಳು ಅವರನ್ನು ‘ಚೇಟ್ಟಾ’ ಎಂದು ಕರೆದರು. ಅವರು ನನ್ನನ್ನು ‘ಮಾಷ್ಟ್ರೇ’ ಎಂದರು.

ಹೊರಟು ಕಾಲು ಗಂಟೆಯಾಗಿರಬಹುದು. ಅದುವರೆಗೆ ದೋಣಿಯ ಹಿಂದುಗಡೆಯಿಂದ ಗುಳುಗುಳು ಎಂದು ನೀರು ಬೆರೆತ ಸದ್ದು ಬರುತ್ತಿದ್ದುದು ನನ್ನ ಗಮನಕ್ಕೆ ಬಂದಿರಲೇ ಇಲ್ಲ. ಅದು ನಿಂತು ಪಟಪಟ ಎಂಬ ಒಣ ಸದ್ದಾದಾಗ ಗಮನಕ್ಕೆ ಬಂತು. ರಬ್ಬರು ಸುಟ್ಟ ವಾಸನೆ ಹಬ್ಬಿತು. ಕೋಣೆಯೊಳಗೆ ಕುಳಿತಿದ್ದ ತಮ್ಮನ ಮಗಳು, “ದೊಡ್ಡಪ್ಪ, ತಲೆ ಭಾರವಾಗುತ್ತಿದೆ” ಎಂದಳು. ಬಿಸಿಲಿಗಿರಬೇಕೆಂದು ನಾನು ಹೇಳುತ್ತಿರುವಷ್ಟರಲ್ಲಿಯೇ ಸ್ರಾಂಕು ಯಂತ್ರವನ್ನು ನಿಲ್ಲಿಸಿ, “ಎಲ್ಲರೂ ಹೊರಗೆ ಬನ್ನಿ, ಮುಂದಕ್ಕೆ, ಗಾಳಿಗೆ” ಎಂದು ಕೂಗಿದರು. ಮಕ್ಕಳನ್ನೆಲ್ಲ ದೋಣಿಯ ಮುಂತುದಿಯಲ್ಲಿ ಕೂಡಿಸಿ, ಲಂಗರು ಹಾಕಿ, ಆಮೇಲೆ ಯಂತ್ರದ ಮೇಲಿನ ಹಲಗೆಯನ್ನು ತೆಗೆದರು. ಒಳಗಿನಿಂದ ಕಪ್ಪು ಹೊಗೆ ಎದ್ದಿತು. ಹೊಗೆಕೊಳವೆ ಯಂತ್ರದ ಸಮೀಪದಲ್ಲಿ ಸೀಳಿತ್ತು.

ಹುಡುಗಿಯ ತಲೆಭಾರಕ್ಕೆ ಕಾರಣ ಬಿಸಿಲಲ್ಲ. ಎಣ್ಣೆ ಪೂರ್ಣವಾಗಿ ಉರಿಯದಿದ್ದಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಳಿಯಲ್ಲಿ ಇದು ಸ್ವಲ್ಪವೇ ಇದ್ದರೂ ದೇಹಕ್ಕೆ ಆಮ್ಲಜನಕದ ಕೊರತೆಯಾಗುತ್ತದೆ. ಮೊದಲು ತಲೆನೋವು, ಬಳಿಕ ಓಕರಿಕೆ, ಮಂಪರು. ನಿದ್ರೆ ಬಂತೆಂದು ಮಲಗಿದವರು ಏಳದೆ ಹೋದ ಪ್ರಸಂಗಗಳು ಉಂಟು. ಡೀಸೆಲ್ ಯಂತ್ರದ ಹೊಗೆಯಲ್ಲಿ ಇದರ ಪ್ರಮಾಣ ಪೆಟ್ರೋಲಿನದಕ್ಕಿಂತ ಕಡಿಮೆ, ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಆ ಸಮಾಧಾನವನ್ನು ನಂಬಿ ಕೂಡುವುದು ವಿವೇಕವಲ್ಲ. ಕಣ್ಣುರಿಸುವ ಹೊಗೆಯೂ ಸುಟ್ಟ ರಬ್ಬರಿನ ವಾಸನೆಯೂ ಅದರೊಡನೆ ಬಂದುದರಿಂದಲೇ ನಾವು ಎಚ್ಚೆತ್ತೆವು. ತೆರೆದ ಗಾಳಿಯಲ್ಲಿ ಸ್ವಲ್ಪ ಹೊತ್ತಿಗೆ ಹುಡುಗಿ ಚೇತರಿಸಿಕೊಂಡಳು.

ಈಗ ರಬ್ಬರಿನ ಪ್ರಶ್ನೆಗೆ ಬರೋಣ. ಎಣ್ಣೆಯನ್ನು ಉರಿಸಿ ಪಡೆದ ಶಕ್ತಿಯಲ್ಲಿ ದೋಣಿಯನ್ನು ನೂಕುವ ಕೆಲಸಕ್ಕೆ ಒದಗುವುದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದುದನ್ನು ತಂಪುನೀರು ಒಯ್ಯುತ್ತದೆ. ಯಂತ್ರದಿಂದ ಹೊರಬೀಳುವಾಗ ಹೊಗೆಯ ಉಷ್ಣತೆ 400 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಆದರೆ ದೋಣಿಯ ಸುತ್ತ ಬೇಕಾದಷ್ಟು ನೀರಿದೆಯಷ್ಟೆ! ಒಂದು ಪಂಪು ಹೊಳೆಯ ನೀರನ್ನು ಎಳೆದು, ಮೊದಲು ಯಂತ್ರದ ಒಳನೀರನ್ನು ತಣಿಸುವ ಪೆಟ್ಟಿಗೆಯ ಮೂಲಕ ಹಾಯಿಸಿ, ಬಳಿಕ ಯಂತ್ರದ ಬಾಯಲ್ಲಿರುವ ಬಾಗಿದ ಲೋಹದ ಕೊಳವೆಯಲ್ಲಿ ಹೊಗೆಯೊಳಕ್ಕೇ ಚಿಮ್ಮಿಸುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಉಷ್ಣವನ್ನು ಹೀರುವುದೆಂದು ನೀವು ಪಾಠದಲ್ಲಿ ಓದಿದ್ದೀರಿ. ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಂಕಿಯಂತಿದ್ದ ಹೊಗೆ ಕ್ಷಣಾರ್ಧದಲ್ಲಿ ತಣಿದು, ನೀರಿನೊಡನೆ ಬೆರೆತು, ರಬ್ಬರು ತಾಳಬಲ್ಲ ಮಟ್ಟಕ್ಕೆ ಇಳಿಯುತ್ತದೆ. ಯಂತ್ರ ಅಲುಗಾಡುವುದರಿಂದಲೂ ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುವುದರಿಂದಲೂ, ಬಾಗಬಲ್ಲ ರಬ್ಬರೇ ಅಲ್ಲಿ ಲೇಸು.

ಮರದ ಹಾಲು ಬೇಸಗೆಯಲ್ಲಿ ಅಂಟಾಗದೆ, ಚಳಿಯಲ್ಲಿ ಒಡೆಯದೆ ಇರುವಂತೆ ಗಂಧಕ ಸೇರಿಸಿ ಕಾಯಿಸುವ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ನಮ್ಮ ದೇಶದ ಮೊದಲ ವಾಣಿಜ್ಯ ರಬ್ಬರು ತೋಟ 1902ರಲ್ಲಿ ಎದ್ದದ್ದು ಇದೇ ಎರ್ನಾಕುಳಂ ಜಿಲ್ಲೆಯ ತಟ್ಟೇಕ್ಕಾಡಿನಲ್ಲಿ, ಪೆರಿಯಾರ್ ನದಿಯ ದಡದಲ್ಲಿ. ಹೊಗೆಕೊಳವೆಗಳಿಗೆ ಈಗ ಕೃತಕ ರಬ್ಬರನ್ನೇ ಹೆಚ್ಚಾಗಿ ಬಳಸುತ್ತಾರೆ. ಪದರಗಳ ನಡುವೆ ಬಟ್ಟೆಯನ್ನೂ ಉಕ್ಕಿನ ತಂತಿಯ ಸುರುಳಿಯನ್ನೂ ಇಟ್ಟಿರುತ್ತಾರೆ.

ನೀರು ಬರುವ ತನಕ ಈ ವ್ಯವಸ್ಥೆ ಸೊಗಸು. ನೀರು ನಿಂತಿತೋ, ಒಣ ಹೊಗೆ ನೇರವಾಗಿ ರಬ್ಬರಿಗೆ ತಗಲುತ್ತದೆ. ಕೆಲವೇ ನಿಮಿಷಗಳಲ್ಲಿ ಒಳಪದರ ಕರಕಲಾಗುತ್ತದೆ. ಯಂತ್ರದ ಉಷ್ಣವನ್ನು ತೋರಿಸುವ ಮುಳ್ಳು ಆಗ ಇನ್ನೂ ಮೇಲೇಳಲು ತೊಡಗಿರುತ್ತದೆಯಷ್ಟೆ. ನಮ್ಮ ದೋಣಿಯಲ್ಲಿ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿರಲೇ ಇಲ್ಲ. ಮುಳ್ಳಿಗಿಂತ ಮೊದಲು ಹೇಳಿದ್ದು ಸದ್ದು.

ಸೀಳಿದ ಜಾಗಕ್ಕೆ ಒದ್ದೆ ಬಟ್ಟೆಯನ್ನು ಸುತ್ತಿ ದಡ ಸೇರೋಣವೆಂದು ನಾನು ಸೂಚಿಸಿದೆ. ಸ್ರಾಂಕು ತಲೆಯಾಡಿಸಿ, “ಕೊಳವೆ ತಾನಾಗಿ ಸುಡುವುದಿಲ್ಲ, ಮಾಷ್ಟ್ರೇ. ನೀರು ಎಲ್ಲಿ ನಿಂತಿತು, ಅದನ್ನು ಹೇಳಿ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾದುಹೋಗುತ್ತಿದ್ದ ಇನ್ನೊಂದು ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಜೆಟ್ಟಿಗೆ ಎಳೆದು ತಂದರು.

ಮರುದಿನ ಬೆಳಗ್ಗೆ ರಿಪೇರಿಯನ್ನು ನೋಡಲೆಂದೇ ಹೋದೆ. ಮೊದಲು ತಳದ ನಲ್ಲಿಯನ್ನು ಮುಚ್ಚಿ, ನೀರು ಬರುವ ಜಾಲರಿಯನ್ನು ಬಿಚ್ಚಿದರು. ಒಂದು ಪ್ಲಾಸ್ಟಿಕ್ ಚೀಲದ ಚೂರೂ, ‘ಕುಳವಾಳ’ ಎಂದು ಅಲ್ಲಿಯವರು ಕರೆಯುವ ಜಲಕಳೆಯ ಬೇರುಗಳೂ ಅದರಲ್ಲಿ ಸಿಕ್ಕಿಕೊಂಡಿದ್ದವು. ತಿಳಿನೇರಳೆ ಹೂ ಬಿಡುವ ಆ ಗಿಡವನ್ನು ನಮ್ಮ ಕೆರೆಗಳಲ್ಲಿಯೂ ನೀವು ಕಂಡಿರುವಿರಿ. ಅಪರಾಧಿ ಸಿಕ್ಕಿತೆಂದು ನಾನು ಎದ್ದು ನಿಂತೆ. ಅವರು ಏಳಲಿಲ್ಲ. ಪಂಪಿನ ಮುಚ್ಚಳವನ್ನು ತೆಗೆದು ಒಳಗಿನ ರಬ್ಬರಿನ ಚಕ್ರವನ್ನು ಹೊರಗೆಳೆದರು. ಇಂಪೆಲ್ಲರ್ ಎಂದು ಅದರ ಹೆಸರು. ನೀರಿದ್ದರೆ ಅದು ನುಣ್ಣಗೆ ತಿರುಗುತ್ತದೆ; ನೀರಿಲ್ಲದೆ ತಿರುಗಿದರೆ ತಿಕ್ಕಾಟದಿಂದ ಬೆಂದು ಹರಿಯುತ್ತದೆ. ಆರು ರೆಕ್ಕೆಗಳಲ್ಲಿ ಮೂರು ಇರಲಿಲ್ಲ.

ಹೊಸ ಚಕ್ರ ಅವರ ಪೆಟ್ಟಿಗೆಯಲ್ಲಿಯೇ ಇತ್ತು. ಆದರೂ ಅದನ್ನು ಕೂಡಿಸದೆ ಮುರಿದ ರೆಕ್ಕೆಗಳನ್ನು ಹುಡುಕತೊಡಗಿದರು. ಎರಡು ತುಂಡುಗಳು ಪಂಪಿನೊಳಗೇ ಸಿಕ್ಕಿದವು. ಮೂರನೆಯದಕ್ಕೆ ಒಂದೊಂದೇ ಕೊಳವೆಯನ್ನು ಬಿಚ್ಚಿ, ಊದಿ, ಟಾರ್ಚು ಹಾಕಿ ನೋಡಿದರು. ಮುಕ್ಕಾಲು ಗಂಟೆ ಕಳೆಯಿತು. ದೋಣಿಯ ಮಾಲೀಕರು ಎರಡು ಸಲ ಬಂದು, ಇಷ್ಟು ಸಾಕಲ್ಲವೇ ಎಂದು ಕೇಳಿ ಹೋದರು. ಕಡೆಗೆ ತಣಿಸುವ ಪೆಟ್ಟಿಗೆಯ ತುದಿಮುಚ್ಚಳವನ್ನು ತೆಗೆದಾಗ, ಸಣ್ಣ ನಾಳಗಳ ಬಾಯಿಗೆ ಆ ಕಪ್ಪು ತುಂಡು ಅಂಟಿ ಕುಳಿತಿತ್ತು. ಅದನ್ನು ಅಲ್ಲಿಯೇ ಬಿಟ್ಟಿದ್ದರೆ ನೀರು ಬರುತ್ತಿತ್ತು, ಆದರೆ ಸಾಲುತ್ತಿರಲಿಲ್ಲ. ಹೊಸ ಕೊಳವೆಯೂ ಕ್ರಮೇಣ ಹಳೆಯದರ ಹಾದಿಯನ್ನು ಹಿಡಿಯುತ್ತಿತ್ತು.

ಇನ್ನು ಕೊಳವೆಯನ್ನು ಬದಲಿಸುವ ಕೆಲಸ. ಹಳೆಯದನ್ನು ಜಗ್ಗಿ ಎಳೆಯಬಾರದು. ಅದು ಕೂತಿರುವ ಲೋಹದ ಬಾಯಿ ಮುರಿಯುವ ಸಂಭವವಿದೆ. ಕ್ಲಿಪ್ಪುಗಳನ್ನು ಸಡಿಲಿಸಿ, ತುದಿಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗೆದರು. ತಂತಿಯನ್ನು ಇಕ್ಕಳದಿಂದ ಕತ್ತರಿಸಿದರು. ಅಳತೆಗೆಂದು ಹಳೆಯ ತುಂಡನ್ನೇ ಅಂಗಡಿಗೆ ಒಯ್ದರು. ಒಳವ್ಯಾಸ ಸರಿಯಾಗಿ ಹೊಂದಬೇಕು. ದೊಡ್ಡದನ್ನು ತಂದು ಕ್ಲಿಪ್ಪಿನಿಂದ ಬಿಗಿದರೆ ರಬ್ಬರು ಮಡಿಚಿ ಸಂದು ಉಳಿಯುತ್ತದೆ. ಅಂಗಡಿಯಲ್ಲಿ ತೋಟದ ಪಂಪಿಗೆ ಹಾಕುವ ಹಸುರು ಪ್ಲಾಸ್ಟಿಕ್ ಕೊಳವೆ ಅಗ್ಗಕ್ಕೆ ಸಿಗುತ್ತಿತ್ತು. ಸ್ರಾಂಕು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಿಸಿಗೆ ಅದು ಮೆತ್ತಗಾಗಿ ಜೋಲುತ್ತದೆ. ದೋಣಿಯ ಹೊಗೆಗೆಂದೇ ಮಾಡಿದ, ತಂತಿಯಿರುವ ಕೊಳವೆಯನ್ನೇ ತಂದರು.

ತುದಿಗೆ ಸೋಪಿನ ನೀರು ಸವರಿ, ತಿರುಚುತ್ತ ಕೂಡಿಸಿದರು. ಎಣ್ಣೆ ಹಚ್ಚಲಿಲ್ಲ; ಎಣ್ಣೆ ರಬ್ಬರಿಗೆ ಆಗದು, ಸೋಪು ಒಣಗಿದರೆ ಜಾರುವುದೂ ಇಲ್ಲ. ಪ್ರತಿಯೊಂದು ತುದಿಗೂ ತುಕ್ಕು ಹಿಡಿಯದ ಉಕ್ಕಿನ ಎರಡೆರಡು ಕ್ಲಿಪ್ಪುಗಳನ್ನು ಹಾಕಿದರು. ಯಂತ್ರದಿಂದ ನೀರು ತುಂಬುವ ಡಬ್ಬಿಯವರೆಗೆ ಕೊಳವೆ ಎಲ್ಲಿಯೂ ತಗ್ಗಿ ಜೋಲದೆ ಇಳಿಜಾರಾಗಿಯೇ ಇರಬೇಕು; ಡಬ್ಬಿಯಿಂದ ಮುಂದಿನದು ಮೇಲೇರಿ ಬಾಗಿ ಹೊರಗೆ ಹೋಗಬೇಕು. ಹೊರಗಿನ ಅಲೆಯ ನೀರು ಹಿಂದಕ್ಕೆ ಹರಿದು ಯಂತ್ರದ ಸಿಲಿಂಡರಿಗೆ ನುಗ್ಗಬಾರದೆಂಬುದೇ ಇದರ ಉದ್ದೇಶ. ನೀರನ್ನು ಗಾಳಿಯಂತೆ ಅದುಮಲಾಗದು. ಸಿಲಿಂಡರಿನಲ್ಲಿ ನೀರು ನಿಂತರೆ ಉಕ್ಕಿನ ಸರಳೇ ಬಾಗುತ್ತದೆ. ಯಂತ್ರ ಹೊತ್ತಿಕೊಳ್ಳದಿದ್ದಾಗ ಮತ್ತೆ ಮತ್ತೆ ತಿರುಗಿಸುವುದೂ ಇದೇ ಕಾರಣದಿಂದ ಅಪಾಯಕರ: ಪಂಪು ನೀರನ್ನು ತುಂಬುತ್ತಲೇ ಇರುತ್ತದೆ, ಅದನ್ನು ಹೊರಗೆ ನೂಕುವ ಹೊಗೆ ಮಾತ್ರ ಇರುವುದಿಲ್ಲ.

ಇನ್ನೊಂದು ಮಾತು. ನೀರು ಬರುತ್ತಿರುವಾಗಲೇ ಕೊಳವೆ ಹರಿದರೆ ದೋಣಿ ಸುಡುವುದಿಲ್ಲ, ಮುಳುಗುತ್ತದೆ. ಪಂಪು ನಿಮಿಷಕ್ಕೆ 30 ಲೀಟರು ಎತ್ತುವುದೆಂದು ಇಟ್ಟುಕೊಳ್ಳಿ. ಹತ್ತು ನಿಮಿಷಗಳಲ್ಲಿ ದೋಣಿಯ ತಳಕ್ಕೆ ಸುರಿದ ನೀರಿನ ತೂಕವೆಷ್ಟು? ನೀವೇ ಲೆಕ್ಕ ಹಾಕಿ.

ತಳದ ನಲ್ಲಿಯನ್ನು ತೆರೆದು ಯಂತ್ರವನ್ನು ನಡೆಸಿದರು. ಸ್ರಾಂಕು ಕೊಳವೆಯನ್ನು ನೋಡಲಿಲ್ಲ. ದೋಣಿಯ ಹಿಂದಕ್ಕೆ ಹೋಗಿ ಬಾಗಿದರು. ಹೊಗೆಯ ಬಾಯಿಂದ ನೀರು ಚಿಮ್ಮಿದ ಮೇಲೆಯೇ ಹಿಂದಿರುಗಿ, ಪ್ರತಿಯೊಂದು ಕೀಲಿನ ಅಡಿಯಲ್ಲಿಯೂ ಒಣ ಕಾಗದವನ್ನು ಸವರಿ ಹನಿ ಇದೆಯೇ ಎಂದು ಪರೀಕ್ಷಿಸಿದರು. ಒಂದು ಗಂಟೆ ಓಡಿಸಿ, ಬಿಸಿಯಲ್ಲಿ ರಬ್ಬರು ಕೂತ ಬಳಿಕ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿದರು.

ಆ ಸಂಜೆ ಅರ್ಧಕ್ಕೆ ನಿಂತಿದ್ದ ಪ್ರಯಾಣವನ್ನು ಮುಂದುವರಿಸಿದೆವು. ತಮ್ಮನ ಮಗಳು ಕೋಣೆಯೊಳಗೆ ಹೋಗಲೊಲ್ಲದೆ ಹಿಂದುಗಡೆಯೇ ಕುಳಿತು, “ದೊಡ್ಡಪ್ಪ, ಗುಳುಗುಳು ಇದೆ” ಎಂದು ಆಗಾಗ ವರದಿ ಮಾಡುತ್ತಿದ್ದಳು. ಸುಟ್ಟ ಕೊಳವೆಯ ಒಂದು ಗೇಣಿನ ತುಂಡನ್ನು ಸ್ರಾಂಕುವಿನಿಂದ ಕೇಳಿ ತಂದಿದ್ದೇನೆ. ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಬೀರುವಿನಲ್ಲಿದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಬೆರಳಿಟ್ಟು ನೋಡಿ, ಪದರವು ಇದ್ದಿಲಿನಂತೆ ಉದುರುತ್ತದೆ.