ಕಣ್ಣೀರನ್ನು ತಡೆಯಬಾರದು: ಎಳೆಯರಿಗೊಂದು ಮನಃಪಾಠ

ಕೆಲವು ವರ್ಷಗಳ ಹಿಂದೆ ಸರ್ಜಾಪುರದ ನನ್ನ ಚಿಕಿತ್ಸಾಲಯಕ್ಕೆ ಮೂರನೆಯ ತರಗತಿಯ ಬಾಲಕನೊಬ್ಬನನ್ನು ಹೊಟ್ಟೆನೋವೆಂದು ಕರೆತಂದರು. ಜಂತುಹುಳು, ಅಜೀರ್ಣವೆಂದು ಬಗೆದು ಎರಡು ತಿಂಗಳು ಔಷಧ ಕೊಟ್ಟೆ, ಗುಣವಾಗಲಿಲ್ಲ. ರಾಯಚೂರಿನ ಕಡೆಯಿಂದ ಬಂದ ಅವನ ಅಜ್ಜಿ, "ಸೂಟಿ ಇದ್ದ ದಿನ ಇವಗ ನೋವು ಬರಂಗಿಲ್ರೀ" ಎಂದಾಗಲೇ ನನ್ನ ತಪ್ಪು ನನಗೆ ತಿಳಿದದ್ದು. ತಂದೆಗೆ ರಾತ್ರಿಪಾಳಿಯ ಕಾವಲು, ತಾಯಿಗೆ ಹಗಲು ಗಾರ್ಮೆಂಟ್ಸ್ ಕೆಲಸ, ಹುಡುಗನಿಗೆ ಹೊಸ ಊರು, ಹೊಸ ಶಾಲೆ. "ಭಯವಾಗುತ್ತಿದೆ" ಎನ್ನಲು ಅವನಲ್ಲಿ ಮಾತಿರಲಿಲ್ಲ. ಹೊಟ್ಟೆಯೇ ಅದನ್ನು ಹೇಳುತ್ತಿತ್ತು.

ಮಕ್ಕಳಿಗೆ ಮಾನಸಿಕ ಆರೋಗ್ಯವನ್ನು ಕಲಿಸುವುದೆಂದರೆ ಮೊದಲು ಆ ಮಾತನ್ನು ಕೊಡುವುದು.

ಚರಕ ಸಂಹಿತೆಯ ಸೂತ್ರಸ್ಥಾನವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಹಸಿವು, ನೀರಡಿಕೆ, ನಿದ್ರೆಗಳೊಡನೆ ಕಣ್ಣೀರೂ ಅವುಗಳಲ್ಲೊಂದು. "ಗಂಡುಹುಡುಗ ಅಳಬಾರದು" ಎಂಬ ನಮ್ಮ ಗದರಿಕೆ ಶಾಸ್ತ್ರಸಮ್ಮತವಲ್ಲ. ಅದೇ ಅಧ್ಯಾಯವು ಕ್ರೋಧ, ಭಯ, ಶೋಕ, ಲೋಭಗಳ ವೇಗವನ್ನು ಧಾರಣ ಮಾಡಬೇಕೆನ್ನುತ್ತದೆ. ಇದರಲ್ಲಿ ವಿರೋಧವಿಲ್ಲ. ಅಳು ಹೊರಬರಲಿ; ಕೋಪ ಬಂದಾಗ ಕೈ ಮೇಲೇಳದಿರಲಿ. ಧಾರಣವೆಂದರೆ ಮುಚ್ಚಿಡುವುದಲ್ಲ, ಗುರುತಿಸಿ ಆಳುವುದು.

1ರಿಂದ 5ನೆಯ ತರಗತಿಯವರೆಗೆ ಇದಕ್ಕೆ ದಿನಕ್ಕೆ 10 ನಿಮಿಷ ಸಾಕು. ಪ್ರಾರ್ಥನೆಯ ಬಳಿಕ ಶಿಕ್ಷಕರು ಸಂತೋಷ, ದುಃಖ, ಕೋಪ, ಭಯ ಎಂಬ ನಾಲ್ಕು ಮುಖಗಳನ್ನು ಹಲಗೆಯ ಮೇಲೆ ಬರೆಯಲಿ. ಮಗು ತನ್ನದನ್ನು ತೋರಿಸಲಿ. ಹೇಳಲೊಲ್ಲದ ಮಗುವನ್ನು ಒತ್ತಾಯಿಸಬಾರದು. ಕೋಪ ಬಂದಾಗ ಮೈಯಲ್ಲಿ ಎಲ್ಲಿ ಬಿಗಿಯಾಗುತ್ತದೆಂದು ಕೇಳಬೇಕು. ಮೆಲ್ಲನೆ ಐದು ಬಾರಿ ಉಸಿರಾಡಿಸಬೇಕು. ಕಡೆಯಲ್ಲಿ, ಕಷ್ಟ ಬಂದರೆ ಯಾರಿಗೆ ಹೇಳುವೆ ಎಂದು ವಿಚಾರಿಸಬೇಕು. ಒಂದು ಹೆಸರೂ ಹೇಳಲಾರದ ಮಗುವಿನ ಮೇಲೆ ಶಿಕ್ಷಕರ ವಿಶೇಷ ಗಮನವಿರಲಿ. ಮಗು ಹೇಳಿದ್ದನ್ನು ತರಗತಿಯಲ್ಲಿ ನಗೆಗೀಡು ಮಾಡಿದರೆ ಅದು ಮತ್ತೆಂದೂ ಬಾಯಿ ಬಿಡದು.

ಹೊಟ್ಟೆನೋವಿಗೆ ದೇಹದ ಪರೀಕ್ಷೆ ಮೊದಲು ಆಗಲೇಬೇಕು. ಜ್ವರ, ವಾಂತಿ, ತೂಕ ಇಳಿಕೆಗಳಿದ್ದರೆ ತಡಮಾಡಬಾರದು. ಎರಡು ವಾರ ಮೀರಿ ಊಟ, ನಿದ್ರೆ, ಆಟ ಕೆಟ್ಟಿದ್ದರೆ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಬಾಲಕನಿಗೆ ನಾನು ಔಷಧ ನಿಲ್ಲಿಸಿದೆ. ರಾತ್ರಿಯೂಟದ ನಂತರ ತಾಯಿ ಕಾಲು ಗಂಟೆ ಮೊಬೈಲ್ ಬದಿಗಿಟ್ಟು ಅವನ ಮಾತು ಕೇಳತೊಡಗಿದರು. ಶಿಕ್ಷಕಿ ಅವನಿಗೊಬ್ಬ ಜೊತೆಗಾರನನ್ನು ಕೊಟ್ಟರು. ಮೊದಲ ವಾರ ಅವನು ಅತ್ತದ್ದೇ ಹೆಚ್ಚು. ತಿಂಗಳೊಳಗೆ ಹೊಟ್ಟೆನೋವಿನ ಸುದ್ದಿಯೇ ಇರಲಿಲ್ಲ.