17 ವರ್ಷದ ಯೋಸೇಫ: ಟೆನ್ಷನ್, ಆಯ್ಕೆ, ಬದಲಾದ ಮನೆ (ಯುವಜನರ ಸಭೆಯ ಪಾಠ)

ಓದುವ ಭಾಗ: ಆದಿಕಾಂಡ 37, 39, 40ನೇ ಅಧ್ಯಾಯಗಳು, 1 ಅರಸುಗಳು 19:1-8

  

ಈ ದಿನದ ಪಾಠ ಮುಖ್ಯವಾಗಿ 13ರಿಂದ 19 ವಯಸ್ಸಿನವರಿಗೆ. ಆದರೆ ತಂದೆತಾಯಂದಿರು ಎದ್ದು ಹೋಗಬೇಡಿ, ನಿಮಗೂ ಒಂದು ಭಾಗ ಇದೆ.

ಪ್ರಾರ್ಥನೆ ಮುಗಿದ ಮೇಲೆ ನಮ್ಮ ಯುವಜನರು ನನ್ನ ಹತ್ತಿರ ಬಂದು ಹೇಳುವ ಮಾತುಗಳು ಹೆಚ್ಚುಕಡಿಮೆ ಮೂರೇ. ಒಂದು, "ಪಾಸ್ಟರ್, ತುಂಬಾ ಟೆನ್ಷನ್ ಆಗ್ತಾ ಇದೆ, ನಿದ್ದೆ ಬರ್ತಿಲ್ಲ." ಎರಡು, "ಯಾವುದನ್ನ ಆರಿಸಿಕೊಳ್ಳಬೇಕು ಗೊತ್ತಾಗ್ತಿಲ್ಲ." ಮೂರನೆಯದನ್ನು ಯಾರೂ ನೇರವಾಗಿ ಹೇಳೋದಿಲ್ಲ. ತಲೆ ತಗ್ಗಿಸಿ, "ಮನೆಯಲ್ಲಿ ಮೊದಲಿನ ಹಾಗೆ ಇಲ್ಲ" ಅಂತಾರೆ, ಅಷ್ಟೇ. ಅಪ್ಪ ಕೆಲಸಕ್ಕಾಗಿ ಗಲ್ಫ್‌ಗೆ ಹೋಗಿರಬಹುದು. ಅಪ್ಪ ಅಮ್ಮ ಬೇರೆ ಬೇರೆ ಇರಬಹುದು. ಅಮ್ಮ ತೀರಿಕೊಂಡು, ಮನೆಗೆ ಇನ್ನೊಬ್ಬರು ಬಂದಿರಬಹುದು. ಊರಿನ ಮನೆ ಬಿಟ್ಟು ಬೆಂಗಳೂರಿನ ಒಂದು ರೂಮಿಗೆ ಬಂದಿರಬಹುದು.

ಈ ಮೂರೂ ಒಟ್ಟಿಗೆ ಒಬ್ಬ ಹುಡುಗನ ಮೇಲೆ ಬಂದದ್ದನ್ನು ಸತ್ಯವೇದದಲ್ಲಿ ನೋಡೋಣ. ಆದಿಕಾಂಡ 37:2ರಲ್ಲಿ ಅವನ ವಯಸ್ಸು ಬರೆದಿದೆ. ಯೋಸೇಫನಿಗೆ ಆಗ 17 ವರ್ಷ. ಈಗಿನ ಲೆಕ್ಕದಲ್ಲಿ ಪಿಯುಸಿ ಓದುವ ಹುಡುಗ.

1. ಮನೆ ಒಡೆದದ್ದು ನಿನ್ನಿಂದ ಅಲ್ಲ

ಯೋಸೇಫನ ಮನೆ ಹೇಗಿತ್ತು ನೋಡಿ. ತಂದೆ ಒಬ್ಬ, ಯಾಕೋಬ. ಮಕ್ಕಳ ತಾಯಂದಿರು ನಾಲ್ವರು: ಲೇಯ, ರಾಹೇಲ, ಬಿಲ್ಹಾ, ಜಿಲ್ಪಾ. ಲೇಯಳಿಗೂ ರಾಹೇಲಳಿಗೂ ಇದ್ದ ಪೈಪೋಟಿ ಯೋಸೇಫ ಹುಟ್ಟುವ ಮೊದಲೇ ಶುರುವಾಗಿತ್ತು. 35ನೇ ಅಧ್ಯಾಯದಲ್ಲಿ ಅವನ ಸ್ವಂತ ತಾಯಿ ರಾಹೇಲಳು ಬೆನ್ಯಾಮೀನನನ್ನು ಹೆತ್ತು ದಾರಿಯಲ್ಲೇ ತೀರಿಹೋದಳು. ಆಮೇಲೆ ತಂದೆ ಯೋಸೇಫನಿಗೆ ವಿಶೇಷವಾದ ಅಂಗಿ ಮಾಡಿಸಿಕೊಟ್ಟ. ಪ್ರೀತಿಯಿಂದಲೇ ಕೊಟ್ಟ, ಆದರೆ ಆ ಅಂಗಿ ನೋಡಿದಾಗೆಲ್ಲ ಅಣ್ಣಂದಿರಿಗೆ ಹೊಟ್ಟೆಯುರಿ. 37:4ರ ಪ್ರಕಾರ ಅವರಿಗೆ ಅವನ ಜೊತೆ ಸಮಾಧಾನವಾಗಿ ಒಂದು ಮಾತಾಡೋಕೂ ಆಗ್ತಿರಲಿಲ್ಲ.

ಇದರಲ್ಲಿ ಯೋಸೇಫ ಆರಿಸಿಕೊಂಡದ್ದು ಯಾವುದು? ನಾಲ್ಕು ತಾಯಂದಿರನ್ನು ಅವನು ಆರಿಸಲಿಲ್ಲ. ತಾಯಿಯ ಮರಣವನ್ನು ಅವನು ತರಲಿಲ್ಲ. ತಂದೆಯ ಪಕ್ಷಪಾತ ಅವನ ತೀರ್ಮಾನ ಅಲ್ಲ. ಆದರೆ ಅದರ ಪೆಟ್ಟು ಬಿದ್ದದ್ದು ಅವನ ಮೇಲೆ.

ನಮ್ಮಲ್ಲಿ ಎಷ್ಟೋ ಮಕ್ಕಳು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿರ್ತಾರೆ. "ನಾನು ಚೆನ್ನಾಗಿ ಓದಿದ್ದರೆ ಅಪ್ಪ ಕುಡೀತಿರಲಿಲ್ಲ." "ನನ್ನ ಫೀಸಿನ ವಿಷಯಕ್ಕೇ ಅವರು ಜಗಳ ಆಡಿದ್ದು." ಮಗನೇ, ಮಗಳೇ, ದೇವರ ವಾಕ್ಯದ ಅಧಿಕಾರದಿಂದ ಹೇಳ್ತೀನಿ: ದೊಡ್ಡವರ ತೀರ್ಮಾನಗಳಿಗೆ ದೇವರು ನಿನ್ನನ್ನು ಲೆಕ್ಕ ಕೇಳೋದಿಲ್ಲ. ಯೆಹೆಜ್ಕೇಲ 18ನೇ ಅಧ್ಯಾಯ ಪೂರ್ತಿ ಇದೇ ವಿಷಯ. ತಂದೆಯ ದೋಷವನ್ನು ಮಗನು ಹೊರುವುದಿಲ್ಲ. ಆ ಭಾರ ಇಳಿಸು.

ನಿನ್ನ ಪಾಲಿಗೆ ಉಳಿದಿರುವುದು ಒಂದು. ಆದದ್ದು ನಿನ್ನ ಕೈಯಲ್ಲಿ ಇರಲಿಲ್ಲ, ಮುಂದಿನ ಹೆಜ್ಜೆ ನಿನ್ನ ಕೈಯಲ್ಲಿದೆ. ಈ ಪಾಠದಲ್ಲಿ ಒಂದೇ ಮಾತು ನೆನಪಿಡೋದಾದರೆ ಇದನ್ನು ನೆನಪಿಡಿ.

2. ಅಳುವುದು ಅವಿಶ್ವಾಸ ಅಲ್ಲ

ಅಣ್ಣಂದಿರು ಅಂಗಿ ಕಿತ್ತುಕೊಂಡು ಅವನನ್ನು ನೀರಿಲ್ಲದ ಗುಂಡಿಗೆ ಹಾಕಿದರು. ಮೇಲೆ ಕೂತು ಊಟ ಮಾಡಿದರು. ನಂತರ 20 ಬೆಳ್ಳಿ ನಾಣ್ಯಕ್ಕೆ ಮಾರಿದರು. 37ನೇ ಅಧ್ಯಾಯ ಓದಿದರೆ ಯೋಸೇಫ ಗುಂಡಿಯಲ್ಲಿ ಒಂದು ಮಾತೂ ಆಡಿದಂತೆ ಬರೆದಿಲ್ಲ. ಹಾಗಾದರೆ ಅವನು ಸುಮ್ಮನಿದ್ದನಾ? ಇಲ್ಲ. ಸುಮಾರು 20 ವರ್ಷ ಆದಮೇಲೆ, 42:21ರಲ್ಲಿ, ಅಣ್ಣಂದಿರೇ ಒಬ್ಬರಿಗೊಬ್ಬರು ಹೇಳಿಕೊಳ್ತಾರೆ: ಅವನು ಸಂಕಟದಿಂದ ಬೇಡಿಕೊಂಡ, ನಾವು ಕೇಳಲಿಲ್ಲ ಅಂತ. ಅಂದರೆ ಆ ಹುಡುಗ ಕಿರುಚಿದ್ದ, ಅತ್ತಿದ್ದ. ಮನುಷ್ಯರು ಕೇಳಿಸಿಕೊಳ್ಳಲಿಲ್ಲ. ದೇವರು ಕೇಳಿಸಿಕೊಂಡು ತನ್ನ ಪುಸ್ತಕದಲ್ಲಿ ಬರೆಸಿದ್ದಾನೆ.

ಸಭೆಯಲ್ಲಿ ಕೆಲವರು, "ವಿಶ್ವಾಸ ಇದ್ದರೆ ಟೆನ್ಷನ್ ಯಾಕೆ?" ಅಂತ ಕೇಳ್ತಾರೆ. ಎಲೀಯನಿಗೆ ವಿಶ್ವಾಸ ಇರಲಿಲ್ವಾ? ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಪ್ರವಾದಿ. ಮುಂದಿನ ಅಧ್ಯಾಯದಲ್ಲೇ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ಪ್ರಾರ್ಥಿಸಿದ. ಆಗ ದೇವರು ಏನು ಮಾಡಿದನು? ಬೈಯಲಿಲ್ಲ. ಪ್ರಸಂಗ ಮಾಡಲಿಲ್ಲ. ಮೊದಲು ಮಲಗಿಸಿದನು. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದ. ಎರಡನೇ ಸಾರಿ ಎಬ್ಬಿಸಿ ಊಟ ಕೊಟ್ಟನು. ಎಲೀಯನ ಸಂಗಡ ದೊಡ್ಡ ವಿಷಯ ಮಾತಾಡಿದ್ದು ಅದಾದ ಮೇಲೆ, ಹೋರೇಬಿನಲ್ಲಿ.

ನಮ್ಮ ದೇವರು ಶರೀರವನ್ನೂ ಅರಿತವನು. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳ್ತಾರೆ. ರಾತ್ರಿ ಒಂದು ಗಂಟೆ ತನಕ ರೀಲ್ಸ್ ನೋಡಿ, ಬೆಳಗ್ಗೆ ಐದಕ್ಕೆ ಎದ್ದು, ತಿಂಡಿ ಬಿಟ್ಟು ಕಾಲೇಜಿಗೆ ಓಡಿ, "ಪಾಸ್ಟರ್, ನನಗೆ ಸಮಾಧಾನ ಇಲ್ಲ, ಕೈ ಇಟ್ಟು ಪ್ರಾರ್ಥನೆ ಮಾಡಿ" ಅಂದರೆ, ನಾನು ಖಂಡಿತ ಪ್ರಾರ್ಥಿಸ್ತೀನಿ. ಆಮೇಲೆ ಹೇಳ್ತೀನಿ: ಹೋಗು, ಊಟ ಮಾಡು, ಮೊಬೈಲನ್ನು ಅಮ್ಮನ ರೂಮಿನಲ್ಲಿ ಇಟ್ಟು ಮಲಗು.

ಪ್ರಾರ್ಥನೆಗೆ ಮಾತೇ ಬರದಿದ್ದರೆ? ರೋಮಾಪುರದವರಿಗೆ 8:26 ಓದಿ. ಹೇಗೆ ಬೇಡಿಕೊಳ್ಳಬೇಕೋ ಗೊತ್ತಾಗದ ನಮಗೋಸ್ಕರ ಪವಿತ್ರಾತ್ಮನೇ ನರಳಾಟದಿಂದ ಬೇಡಿಕೊಳ್ಳುತ್ತಾನೆ. ಬರೀ ಅತ್ತರೂ ಅದು ಪರಲೋಕಕ್ಕೆ ಅರ್ಥವಾಗುತ್ತದೆ. ಸ್ತೋತ್ರ.

3. ಎರಡು ಬಗೆಯ ಆಯ್ಕೆಗಳು

ಐಗುಪ್ತದಲ್ಲಿ ಪೋಟೀಫರನ ಮನೆ. ತಂದೆ ಇಲ್ಲ, ಸಭೆ ಇಲ್ಲ, ಗುರುತಿನವರು ಯಾರೂ ಇಲ್ಲ. 39:11ರಲ್ಲಿ ಆ ದಿನ ಮನೆಯೊಳಗೆ ಆಳುಗಳೂ ಇರಲಿಲ್ಲ. ಯಜಮಾನನ ಹೆಂಡತಿ ಕರೆದಾಗ ಯೋಸೇಫ ಅಂಗಿ ಬಿಟ್ಟು ಓಡಿಹೋದ. ಆ ಕ್ಷಣದಲ್ಲಿ ಕೂತು ಯೋಚಿಸಿದ್ದರೆ ಬಿದ್ದುಹೋಗ್ತಿದ್ದ. ಅವಳು ಪ್ರತಿದಿನ ಕೇಳಿದಾಗಲೂ ಅವನು ಒಪ್ಪಲಿಲ್ಲ ಅಂತ 10ನೇ ವಚನದಲ್ಲಿದೆ. ತೀರ್ಮಾನ ಮೊದಲೇ ಆಗಿತ್ತು. ಸರಿ ತಪ್ಪಿನ ಆಯ್ಕೆಗಳು ಹೀಗೆ. ಫ್ರೆಂಡ್ಸ್ ಸಿಗರೇಟು ಚಾಚಿದಾಗ, ಯಾರೋ ಕೆಟ್ಟ ವಿಡಿಯೋ ಕಳಿಸಿದಾಗ, ಪರೀಕ್ಷೆಯಲ್ಲಿ ಚೀಟಿ ಬಂದಾಗ, ಉತ್ತರ ನಿನ್ನ ಹತ್ತಿರ ಮೊದಲೇ ಇರಬೇಕು.

ಆದರೆ ಎಲ್ಲಾ ಆಯ್ಕೆಗಳೂ ಹಾಗಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಸೈನ್ಸಾ, ಕಾಮರ್ಸಾ, ಆರ್ಟ್ಸಾ, ಐಟಿಐನಾ, ಡಿಪ್ಲೊಮಾನಾ? ಇದರಲ್ಲಿ ಯಾವುದೂ ಪಾಪ ಅಲ್ಲ. "ದೇವರ ಚಿತ್ತ ತಪ್ಪಿಹೋದರೆ ನನ್ನ ಜೀವನವೇ ಹಾಳು" ಅಂತ ಹೆದರಿ ಅಳುವ ಮಕ್ಕಳಿದ್ದಾರೆ. ಯೋಸೇಫ ಕುರಿ ಕಾಯ್ತಿದ್ದ, ಆಮೇಲೆ ಮನೆಯ ಆಡಳಿತ, ಆಮೇಲೆ ಸೆರೆಮನೆಯ ಉಸ್ತುವಾರಿ, ಕೊನೆಗೆ ದೇಶದ ಧಾನ್ಯದ ಲೆಕ್ಕ. ಕೆಲಸ ಎಷ್ಟು ಸಾರಿ ಬದಲಾಯ್ತು! ಕರ್ತನು ಅವನ ಸಂಗಡ ಇದ್ದನು ಅನ್ನುವ ಮಾತು ಮಾತ್ರ 39ನೇ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ, ದೊಡ್ಡ ಮನೆಯಲ್ಲೂ, ಸೆರೆಮನೆಯಲ್ಲೂ.

ಇಂಥ ಆಯ್ಕೆಗೆ ಮೂರು ಕೆಲಸ ಮಾಡಿ. ಪ್ರಾರ್ಥಿಸಿ. ಆ ಕೋರ್ಸ್ ಓದಿದವರನ್ನು ಕೇಳಿ, ನಿಮ್ಮ ಅಂಕ, ಇಷ್ಟ, ಮನೆಯ ಹಣ, ಮೂರನ್ನೂ ಒಂದು ಕಾಗದದ ಮೇಲೆ ಬರೆಯಿರಿ. ನಂತರ ತೀರ್ಮಾನ ಮಾಡಿ ಹೆಜ್ಜೆ ಇಡಿ. ಫೇಲ್ ಆದರೂ ಬಾಗಿಲು ಮುಚ್ಚಲಿಲ್ಲ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಇದೆ. ರಿಸಲ್ಟ್ ದಿನ ಪಕ್ಕದ ಮನೆಯವರ ಸ್ಟೇಟಸ್ ನೋಡಿ ನಿಮ್ಮ ಬೆಲೆ ಕಟ್ಟಿಕೊಳ್ಳಬೇಡಿ.

4. ಸಹಾಯ ಕೇಳು, ಮರೆತರೆ ಇನ್ನೊಬ್ಬರನ್ನು ಕೇಳು

ಈ ಭಾಗವನ್ನು ನಾವು ಬೇಗ ದಾಟಿಬಿಡ್ತೀವಿ. 40:14-15ರಲ್ಲಿ ಯೋಸೇಫ ಸೆರೆಮನೆಯಲ್ಲಿ ಪಾನದಾಯಕನಿಗೆ ಏನು ಹೇಳಿದ? ನನ್ನನ್ನು ನೆನಪಿಸಿಕೋ, ಫರೋಹನಿಗೆ ನನ್ನ ವಿಷಯ ತಿಳಿಸು, ನನ್ನನ್ನು ಕದ್ದು ತಂದಿದ್ದಾರೆ, ಇಲ್ಲಿ ನಾನು ಯಾವ ತಪ್ಪೂ ಮಾಡಿಲ್ಲ. ಕನಸಿನ ಅರ್ಥ ಹೇಳುವ ವರ ಇದ್ದವನು, ದೇವರು ಸಂಗಡ ಇದ್ದವನು, ಮನುಷ್ಯನ ಹತ್ತಿರ ಬಾಯಿಬಿಟ್ಟು ಸಹಾಯ ಕೇಳಿದ. ಅದು ಅವಿಶ್ವಾಸ ಅಲ್ಲ.

ಆ ಮನುಷ್ಯ ಮರೆತುಬಿಟ್ಟ. ಪೂರ್ತಿ 2 ವರ್ಷ. ನಿನಗೂ ಹೀಗಾಗಬಹುದು. ಒಬ್ಬ ಟೀಚರ್‌ಗೆ, ಒಬ್ಬ ಮಾವನಿಗೆ ಹೇಳಿದೆ, ಅವರು ನಕ್ಕು ಬಿಟ್ಟರು ಅಥವಾ ಮರೆತರು. ಆಗ "ಇನ್ನು ಯಾರಿಗೂ ಹೇಳಲ್ಲ" ಅಂತ ಬಾಯಿ ಮುಚ್ಚಬೇಡ. ಎರಡನೆಯವರಿಗೆ ಹೇಳು, ಮೂರನೆಯವರಿಗೆ ಹೇಳು. ಸಭೆಯಲ್ಲಿ ಒಬ್ಬ ಅಕ್ಕ ಇದ್ದಾರೆ, ನಾನಿದ್ದೀನಿ.

ಸಾಯಬೇಕು ಅನ್ನುವ ಯೋಚನೆ ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡ. ಅದೇ ರಾತ್ರಿ ಒಬ್ಬ ದೊಡ್ಡವರನ್ನು ಎಬ್ಬಿಸಿ ಹೇಳು. 14416ಕ್ಕೆ ಕರೆ ಮಾಡು. ಇದು ಸರ್ಕಾರದ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಹೊಡೀತಿದ್ದರೆ, ಮುಟ್ಟಬಾರದ ಹಾಗೆ ಮುಟ್ಟುತ್ತಿದ್ದರೆ, ಅದು ನೀನು ಸಹಿಸಬೇಕಾದ ಶಿಲುಬೆ ಅಲ್ಲ. ಯೋಸೇಫ ಓಡಿದ ಹಾಗೆ ಅಲ್ಲಿಂದ ಹೊರಗೆ ಬಾ, ಹೇಳು. ಮಕ್ಕಳ ಸಹಾಯವಾಣಿ 1098. ಪ್ರಾರ್ಥನೆಯೂ ಬೇಕು, ಡಾಕ್ಟರೂ ಬೇಕು. ಒಂದು ಇನ್ನೊಂದಕ್ಕೆ ಶತ್ರು ಅಲ್ಲ.

5. ತಂದೆತಾಯಂದಿರಿಗೆ

37:13-14ರಲ್ಲಿ ಯಾಕೋಬ, ಅಣ್ಣಂದಿರು ದ್ವೇಷಿಸುವ ಅದೇ ಹುಡುಗನನ್ನು, ಅವರ ಕ್ಷೇಮ ನೋಡಿಕೊಂಡು ಬಾ ಅಂತ ಒಬ್ಬನನ್ನೇ ಕಳಿಸಿದ. ಒಡೆದ ಮನೆಯಲ್ಲಿ ಮಗುವನ್ನೇ ಪೋಸ್ಟ್‌ಮ್ಯಾನ್ ಮಾಡಬೇಡಿ. "ನಿಮ್ಮಪ್ಪನಿಗೆ ಹೇಳು", "ನಿಮ್ಮಮ್ಮ ಏನಂದ್ಲು?" ಬೇಡ. ನಿಮ್ಮ ಜಗಳ ನೀವೇ ಮಾತಾಡಿ, ಇಲ್ಲಾ ಹಿರಿಯರ ಮುಂದೆ ತನ್ನಿ. ಮನೆಯಲ್ಲಿ ದೊಡ್ಡ ಬದಲಾವಣೆ ಬರ್ತಾ ಇದ್ದರೆ ಮಕ್ಕಳಿಗೆ ಮೊದಲೇ ಕೂರಿಸಿ ಹೇಳಿ, ಪಕ್ಕದವರಿಂದ ತಿಳಿಯುವ ಹಾಗೆ ಮಾಡಬೇಡಿ.

ಒಬ್ಬರೇ ಸಭೆಗೆ ಬರುವ ತಾಯಂದಿರೇ, ಧೈರ್ಯವಾಗಿರಿ. ತಿಮೊಥೆಯ ತಂದೆ ಗ್ರೀಕನು. ಅವನ ವಿಶ್ವಾಸ ಬಂದದ್ದು ಅಜ್ಜಿ ಲೋವಿ, ತಾಯಿ ಯೂನೀಕೆಯಿಂದ.

ಇನ್ನೊಂದು ಮಾತು. ದೇವರು ಕೇಡನ್ನು ಮೇಲಾಗುವಂತೆ ಮಾಡಿದನು ಅಂತ ಯೋಸೇಫ ಸಾಕ್ಷಿ ಹೇಳಿದ್ದು 50ನೇ ಅಧ್ಯಾಯದಲ್ಲಿ. ಗುಂಡಿಯಿಂದ ಫರೋಹನ ಮುಂದೆ ನಿಲ್ಲುವುದಕ್ಕೇ 13 ವರ್ಷ ಆಯ್ತು, ಆ ಮಾತು ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ. ಅದನ್ನು ಹೇಳಿದ್ದು ಯೋಸೇಫನೇ, ಅಣ್ಣಂದಿರಲ್ಲ. ಗುಂಡಿಯಲ್ಲಿರುವ ಮಗುವಿಗೆ ಮೊದಲನೇ ದಿನವೇ "ಎಲ್ಲಾ ಒಳ್ಳೆಯದಕ್ಕೇ" ಅನ್ನಬೇಡಿ. ಹಗ್ಗ ಇಳಿಸಿ. ಪಕ್ಕದಲ್ಲಿ ಕೂತುಕೊಳ್ಳಿ. ಆ ಸಾಕ್ಷಿಯನ್ನು ದೇವರು ಅದರ ಸಮಯದಲ್ಲಿ ಆ ಮಗುವಿನ ಬಾಯಿಂದಲೇ ಬರಿಸುತ್ತಾನೆ.

ಈ ವಾರ ಧ್ಯಾನಿಸಲು

1. ನನ್ನದಲ್ಲದ ಯಾವ ಭಾರವನ್ನು ನಾನು ಹೊತ್ತಿದ್ದೇನೆ?
2. ಯಾವ ವಿಷಯಕ್ಕೆ "ಇಲ್ಲ" ಅಂತ ಈಗಲೇ ತೀರ್ಮಾನ ಮಾಡಬೇಕು?
3. ನನ್ನ ಕಷ್ಟ ಹೇಳಿಕೊಳ್ಳಬಹುದಾದ ಇಬ್ಬರು ದೊಡ್ಡವರು ಯಾರು? ಹೆಸರು ಬರೆಯಿರಿ.
4. ಯೋಸೇಫ ಸೆರೆಯಲ್ಲಿದ್ದೂ ಇನ್ನಿಬ್ಬರ ಬಾಡಿದ ಮುಖ ಗಮನಿಸಿ ವಿಚಾರಿಸಿದ (40:6-7). ಈ ವಾರ ನಾನು ಯಾರನ್ನು ವಿಚಾರಿಸಲಿ?

ಪ್ರಾರ್ಥಿಸೋಣ. ತಂದೆಯೇ, ಇಲ್ಲಿ ಕೂತಿರುವ ಪ್ರತಿಯೊಬ್ಬ ಮಗನನ್ನೂ ಮಗಳನ್ನೂ ನೀನು ಹೆಸರಿನಿಂದ ಬಲ್ಲೆ. ಮನೆಗೆ ಹೋಗಲು ಮನಸ್ಸಿಲ್ಲದವರು ಇಲ್ಲಿದ್ದಾರೆ, ನೀನು ಅವರ ಸಂಗಡ ಆ ಬಾಗಿಲೊಳಗೆ ಹೋಗು. ಈ ರಾತ್ರಿ ಅವರಿಗೆ ನಿದ್ದೆ ಕೊಡು. ನಾಳೆಯ ಒಂದು ಹೆಜ್ಜೆಗೆ ಬೆಳಕು ಕೊಡು. ಕೇಳಿಸಿಕೊಳ್ಳುವ ಒಬ್ಬರನ್ನು ಅವರ ಹತ್ತಿರ ಕಳುಹಿಸು, ಆ ಒಬ್ಬರು ನಾವಾಗುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.